ಮೂಗು ಮೇಸ್ತ್ರಿಯ ಬೀಗ

ಕಾರ್ಖಾನೆಯ ಕಾರು ಮನೆ ಮುಂದೆ ಬಂದು ನಿಂತಾಗ ಮೂಗು ಮೇಸ್ತ್ರಿಗಳು ಎರಡನೇ ಸಲ ಅಂಗಿ ಬದಲಿಸುತ್ತಿದ್ದರು. ಮೊದಲು ಹಾಕಿದ್ದು ನೀಲಿ. ಕುಲುಮೆಯ ಹತ್ತಿರ ಹೋಗುವವನಿಗೆ ನೀಲಿಯೇ ಸರಿ. ಆದರೆ ಕಾರು ಕಳಿಸಿ ಕರೆಸಿಕೊಳ್ಳುವಷ್ಟು ದೊಡ್ಡವನಿಗೆ ಬಿಳಿಯೇ ಸರಿ ಎಂದು ಆಮೇಲೆ ತೋರಿತು.

"ಅಂಗಿಗೆ ಇಸ್ತ್ರಿ ಆಯ್ತು. ಮೂಗಿಗೂ ಒಂದು ಸಲ ಆಡಿಸಿಬಿಡ್ಲಾ?" ಎಂದರು ಹೆಂಡತಿ, ಬಾಗಿಲಲ್ಲಿ ನಿಂತು.

"ಆಡ್ಕೋ, ಆಡ್ಕೋ. ಮೂರು ವರ್ಷದಿಂದ ಮನೇಲಿ ಕೂತಿರೋ ಮೂಗು. ಆದ್ರೂ ಕಾರು ಬಂತು ನೋಡು."

"ಕಾರು ಕಳ್ಸಿದ್ದು ಮ್ಯಾನೇಜರ್ರು, ಸೊಸೆ ಅಲ್ಲ. ಅಲ್ಲಿ ಹೋಗಿ ಅವಳ ತಲೆ ಮೇಲೆ ಕೂತ್ಕೋಬೇಡಿ. ಈಗ ಆ ಕುಲುಮೆ ಅವಳದು."

"ನಾನ್ಯಾಕೆ ಕೂತ್ಕೊಳ್ಲಿ? ನಿಂತ್ಕೊಂಡೇ ಮೂಸ್ತೀನಿ."

ಆ ಮೂಗಿನ ವಿಷಯ ಸ್ವಲ್ಪ ಹೇಳಲೇಬೇಕು. ಆ ಕಾರ್ಖಾನೆಯಲ್ಲಿ ಲೋಹದ ಸಾಮಾನುಗಳನ್ನು ಗಾಳಿಯೇ ಇಲ್ಲದ ಕಡೆ ಕಾಯಿಸುತ್ತಾರೆ. ಗಾಳಿ ತಾಗಿದರೆ ಕಾದ ಲೋಹ ಕಪ್ಪಿಡುತ್ತದೆ. ಗಾಳಿ ತೆಗೆದುಬಿಟ್ಟರೆ ಒಳಗೆ ಹೋದಾಗಿನದಕ್ಕಿಂತ ಹೆಚ್ಚು ಹೊಳೆಯುತ್ತಾ ಹೊರಗೆ ಬರುತ್ತದೆ. ಅದಕ್ಕೆಂದೇ ಇರುವುದು ನಿರ್ವಾತ ಕುಲುಮೆ. ನೆಲದಲ್ಲಿ ಹೂತ ಉಕ್ಕಿನ ಬಾವಿ ಅನ್ನಿ. ಎರಡಾಳು ಆಳ, ಎರಡು ಪದರದ ಗೋಡೆ, ಪದರಗಳ ನಡುವೆ ಹರಿಯುವ ತಣ್ಣೀರು, ಮೇಲೆ ಕ್ರೇನಿನಿಂದ ಎತ್ತಿ ಇಳಿಸುವ ಮುಚ್ಚಳ. ಮುಚ್ಚಳ ಕೂತ ಮೇಲೆ ಪಂಪುಗಳು ಒಳಗಿನ ಗಾಳಿಯನ್ನೆಲ್ಲ ಹೀರಿ ಹಾಕುತ್ತವೆ. ಮುಚ್ಚಳದ ಕೆಳಗಿನ ರಬ್ಬರ್ ಬಳೆಯ ಮೇಲೆ ಒಂದು ತಲೆಕೂದಲು ಬಿದ್ದಿದ್ದರೂ ಸಾಕು, ಹೊರಗಿನ ಗಾಳಿ ದಾರಿ ಹುಡುಕಿಕೊಂಡು ನುಸುಳುತ್ತದೆ.

ಇಪ್ಪತ್ತೆಂಟು ವರ್ಷ ಮೇಸ್ತ್ರಿಗಳು ಆ ಬಾವಿಯನ್ನು ಮೂಗಿನಿಂದಲೇ ಕಾದರು. ಪಂಪಿನ ಎಣ್ಣೆ ಕೆಡುವ ಮೊದಲೇ ವಾಸನೆ ಹಿಡಿಯುತ್ತಿದ್ದರು. ಎಲ್ಲಾದರೂ ನೀರು ಜಿನುಗಿ ಒಳಗೋಡೆ ತೇವವಾದರೆ ಏಣಿ ಇಳಿದು, ಕಣ್ಣು ಮುಚ್ಚಿ ಒಂದು ಉಸಿರೆಳೆದು, "ಎಡಗಡೆ, ಮೊಣಕಾಲೆತ್ತರ" ಎನ್ನುತ್ತಿದ್ದರು. ನೋಡಿದರೆ ಅಲ್ಲೇ ಇರುತ್ತಿತ್ತು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಶೆಡ್ಡಿನಲ್ಲೆಲ್ಲ ಅವರು ಮೂಗು ಮೇಸ್ತ್ರಿಗಳಾದರು. ಬೇಜಾರೇನೂ ಇರಲಿಲ್ಲ. ಬಿರುದು ಅಂದುಕೊಂಡರು.

ಸೊಸೆಯನ್ನು ಆ ಶೆಡ್ಡಿಗೆ ಕರೆದುಕೊಂಡು ಹೋದವರೂ ಅವರೇ. ಮದುವೆಯಾಗಿ ಬಂದ ತಿಂಗಳಲ್ಲೇ ಆಕೆ ಮನೆಯ ಸತ್ತ ಮಿಕ್ಸಿಯನ್ನು ಬಿಚ್ಚಿ, ಒರೆಸಿ, ಕಟ್ಟಿ, ಮತ್ತೆ ಕೂಗುವಂತೆ ಮಾಡಿದ್ದಳು. ಶಾಲೆಯಲ್ಲಿ ಲೆಕ್ಕ ಹೇಳುವ ಮಗ ಒಂದು ಬಲ್ಬು ಹಾಕುವುದಕ್ಕೂ ಯಾರನ್ನಾದರೂ ಕರೆಯುವವನು. ಅಂಥ ಮನೆಗೆ ಇಂಥ ಹುಡುಗಿ ಬಂದದ್ದು ಮೇಸ್ತ್ರಿಗಳಿಗೆ ನಿಧಿ ಸಿಕ್ಕ ಹಾಗಾಗಿತ್ತು. ಕಲಿಸಿದರು. ಆಕೆ ಕಲಿತಳು, ಕಲಿತದ್ದನ್ನೆಲ್ಲ ಬರೆದಿಟ್ಟಳು. ಅದೊಂದೇ ಅವರಿಗೆ ಸರಿಬರುತ್ತಿರಲಿಲ್ಲ. "ಬರ್ಕೊಂಡ್ರೆ ತಲೆ ಸೋಮಾರಿ ಆಗುತ್ತಮ್ಮ" ಎನ್ನುತ್ತಿದ್ದರು. ಆಕೆ ನಕ್ಕು, ಅದನ್ನೂ ಬರೆದುಕೊಂಡಿರಬೇಕು.

ಈ ವರ್ಷ ಕುಲುಮೆಯ ಉಸ್ತುವಾರಿ ಆಕೆಗೇ ಬಂದಿತ್ತು. ಉಸ್ತುವಾರಿಯಾದ ಮೇಲೆ ಇದೇ ಮೊದಲ ವಾರ್ಷಿಕ ರಿಪೇರಿ. ನಾಲ್ಕು ದಿನ ಕುಲುಮೆ ನಿಲ್ಲಿಸಿ ಎಣ್ಣೆ ಬದಲಿಸಿದರು, ರಬ್ಬರ್ ಬಳೆ ಬದಲಿಸಿದರು, ಒಳಗೆಲ್ಲ ಗುಡಿಸಿ ಒರೆಸಿದರು. ಕೊನೆಗೆ ಸೋರಿಕೆ ಪರೀಕ್ಷೆ: ಗಾಳಿ ಹೀರಿ, ಎಲ್ಲ ಕವಾಟ ಮುಚ್ಚಿ, ಸುಮ್ಮನೆ ಮೀಟರ್ ನೋಡುತ್ತಾ ಕೂರುವುದು. ಒಳಗಿನ ಒತ್ತಡವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ; ಗಂಟೆಗೆ ಹತ್ತಕ್ಕಿಂತ ಹೆಚ್ಚು ಮುಳ್ಳು ಏರಬಾರದು. ಅರವತ್ತು ಏರಿತು. ಎರಡನೇ ಸಲವೂ ಅರವತ್ತು. ಇವತ್ತು ಸಂಜೆ ನಾಲ್ಕಕ್ಕೆ ಗಿರಾಕಿ ಕಡೆಯ ಇನ್‌ಸ್ಪೆಕ್ಟರ್ ಬರುತ್ತಾರೆ. ಮನುಷ್ಯರ ಮೊಣಕಾಲಿಗೆ ಕೂರಿಸುವ ಲೋಹದ ಕೀಲುಗಳ ಕೆಲಸ ಅದು. ಆಗಲೂ ಮುಳ್ಳು ಏರಿದರೆ ಕೆಲಸ ಬೇರೆ ಕಾರ್ಖಾನೆಗೆ ಹೋಗುತ್ತದೆ, ಸೊಸೆಯ ಮೊದಲ ರಿಪೇರಿ ಫೇಲು ಅನ್ನಿಸಿಕೊಳ್ಳುತ್ತದೆ.

ಶೆಡ್ಡಿಗೆ ಕಾಲಿಟ್ಟ ಕೂಡಲೇ ಮೇಸ್ತ್ರಿಗಳು ಉಸಿರೆಳೆದುಕೊಂಡರು. ಎಣ್ಣೆ, ಕಬ್ಬಿಣ, ಸ್ಪಿರಿಟ್ಟು. ಪಂಪುಗಳನ್ನು ನೋಡಿಕೊಳ್ಳುವ, ಎಲ್ಲರೂ ಪಂಪಣ್ಣ ಎನ್ನುವ ಫಿಟ್ಟರ್ ಓಡಿ ಬಂದು ಕೈ ಹಿಡಿದ. "ಬಂದ್ರಾ! ಇನ್ನು ಆ ತೂತಿನ ಕಥೆ ಮುಗೀತು ಬಿಡಿ." ಮ್ಯಾನೇಜರ್ ಕುರ್ಚಿ ಹಾಕಿಸಿದರು. ಮೇಸ್ತ್ರಿಗಳು ಕುರ್ಚಿಯ ಕಡೆ ನೋಡಲೂ ಇಲ್ಲ. ಸೊಸೆ ಯಾವುದೋ ಮೀಟರ್ ತರಲು ಸ್ಟೋರಿಗೆ ಹೋಗಿದ್ದಳು. ಕುಲುಮೆಯ ಮುಚ್ಚಳವನ್ನು ಆಗಷ್ಟೇ ಎತ್ತಿ ಪಕ್ಕಕ್ಕಿಟ್ಟಿದ್ದರು. ಸುತ್ತ ಒಂದು ಹಳದಿ ಹಗ್ಗ.

"ಇದೇನು, ಕುಲುಮೆಗೆ ಬೇಲಿ?" ಎಂದು ನಗುತ್ತಾ ಮೇಸ್ತ್ರಿಗಳು ಹಗ್ಗ ಎತ್ತಿ ನುಸುಳಿದರು. ಅಂಚಿನಲ್ಲಿ ಬಗ್ಗಿ ಮೂಸಿದರು. ತಣ್ಣಗಿತ್ತು, ಯಾವ ವಾಸನೆಯೂ ಇರಲಿಲ್ಲ. "ಒಳ್ಳೇ ಶುದ್ಧವಾಗಿದೆ. ಇಳಿದು ನೋಡ್ತೀನಿ" ಎಂದು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

"ಮಾವ! ಕಾಲು ತೆಗೀರಿ! ಹೊರಗೆ!"

ಶೆಡ್ಡಿನ ತಗಡು ನಡುಗಿದ ಹಾಗಾಯಿತು. ಗ್ರೈಂಡರ್ ಹಿಡಿದವನು ನಿಲ್ಲಿಸಿದ. ಮನೆಯಲ್ಲಿ ಎಂಟು ವರ್ಷದಿಂದ "ಮಾವ, ಊಟಕ್ಕೆ ಬನ್ನಿ" ಎನ್ನುವುದಕ್ಕಿಂತ ಜೋರಾಗಿ ಮಾತಾಡದ ಹುಡುಗಿ ಓಡಿ ಬಂದು, ಅವರ ಬಿಳಿ ಅಂಗಿಯ ತೋಳು ಹಿಡಿದು ಎಳೆದೇಬಿಟ್ಟಳು.

ಮೇಸ್ತ್ರಿಗಳ ಮುಖ ಕೆಂಪಾಯಿತು. ಅವರು ಕಟ್ಟಿ ಬೆಳೆಸಿದ ಜಾಗದಲ್ಲಿ, ಅವರ ಕೈಕೆಳಗೆ ಪಳಗಿದವರ ಮುಂದೆ!

ಮ್ಯಾನೇಜರ್ ನಡುವೆ ಬಂದರು. "ಇರ್ಲಿ ಬಿಡಮ್ಮ, ಮೇಸ್ತ್ರಿಗಳಿಗೆ ಗೊತ್ತಿಲ್ದೆ ಇರುತ್ತಾ? ಹೊತ್ತಾಗ್ತಿದೆ. ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ."

"ಇನ್‌ಸ್ಪೆಕ್ಟರ್ ಬೇಕಾದ್ರೆ ನಾಳೆನೂ ಬರ್ತಾರೆ ಸರ್. ಮಾವ ಬರಲ್ಲ," ಎಂದಳು ಆಕೆ.

ಕೈಲಿದ್ದ ಸಣ್ಣ ಮೀಟರನ್ನು ದಾರಕ್ಕೆ ಕಟ್ಟಿ ಬಾವಿಯೊಳಗೆ ಇಳಿಬಿಟ್ಟಳು. ಅರ್ಧ ಇಳಿಯುವಷ್ಟರಲ್ಲೇ ಅದು ಕೀ ಕೀ ಎಂದು ಅರಚತೊಡಗಿತು. ತಳ ಮುಟ್ಟಿಸಿ, ಮೇಲೆಳೆದು ಮಾವನ ಮುಂದೆ ಹಿಡಿದಳು. "ಉಸಿರಾಡೋ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು ಭಾಗ ಇರ್ಬೇಕು. ತಳದಲ್ಲಿ ಐದಿದೆ. ಎರಡು ಮೂರು ಉಸಿರು, ಅಷ್ಟೇ. ನೀವು ಬೀಳ್ತಿದ್ರಿ. ಎತ್ತೋಕೆ ಪಂಪಣ್ಣ ಇಳೀತಿದ್ರು, ಅವರೂ ಬೀಳ್ತಿದ್ರು."

"ವಾಸನೆ ಏನೂ ಇರ್ಲಿಲ್ಲ," ಎಂದರು ಮೇಸ್ತ್ರಿಗಳು. ಹೇಳಿದ ಮೇಲೆ ಅದು ಚಿಕ್ಕ ಮಕ್ಕಳ ಮಾತಿನ ಹಾಗೆ ಅವರ ಕಿವಿಗೇ ಕೇಳಿಸಿತು.

"ಇರಲ್ಲ ಮಾವ. ನಿಮ್ಮ ಕಾಲದಲ್ಲಿ ಮುಚ್ಚಳ ತೆಗೆಯೋ ಮುಂಚೆ ಒಳಗೆ ಹೊರಗಿನ ಗಾಳಿನೇ ಬಿಡ್ತಿದ್ರಿ. ಈ ಕೀಲುಗಳು ಬಂದ್ಮೇಲೆ ಆರ್ಗಾನ್ ಅನ್ನೋ ಗ್ಯಾಸ್ ತುಂಬಿಸ್ತೀವಿ. ಬಣ್ಣ ಇಲ್ಲ, ವಾಸನೆ ಇಲ್ಲ, ಭಾರ. ನೀರಿನ ಹಾಗೆ ತಳದಲ್ಲಿ ಮಲಗಿರುತ್ತೆ. ನಿಮ್ಮ ಮೂಗಿಂದೇನೂ ತಪ್ಪಿಲ್ಲ. ಗಾಳಿ ಬದಲಾಯ್ತು."

ಫ್ಯಾನಿನ ದಪ್ಪ ಕೊಳವೆಯನ್ನು ತಳಕ್ಕೆ ಇಳಿಸಿದರು. ಮುಕ್ಕಾಲು ಗಂಟೆ ಹೊಸ ಗಾಳಿ ಊದಬೇಕು. ಮೇಸ್ತ್ರಿಗಳು ಈಗ ಹೋಗಿ ಆ ಕುರ್ಚಿಯಲ್ಲಿ ಕೂತರು. ಪಂಪಣ್ಣ ಚಹಾ ತಂದುಕೊಟ್ಟ.

"ಬೇಜಾರ್ ಮಾಡ್ಕೋಬೇಡಿ. ನಮ್ಗೂ ಹೀಗೇ ಬೈತಾರೆ. ನೀವು ಮನೆಯವರು ಅಂತ ಸ್ವಲ್ಪ ಮೆತ್ತಗೆ ಬೈದ್ರು."

"ಇದು ಮೆತ್ತಗಾ?"

"ಹೋದ ತಿಂಗಳು ನನಗೆ ಬೈದಾಗ ನೀವು ಕೇಳ್ಬೇಕಿತ್ತು!"

ಮೇಸ್ತ್ರಿಗಳು ನಗಬಾರದು ಅಂತಲೇ ಇದ್ದರು. ಆಗಲಿಲ್ಲ. ಅಷ್ಟರಲ್ಲಿ ಸೊಸೆ ತನ್ನ ಪುಸ್ತಕ ತಂದು ಅವರ ತೊಡೆಯ ಮೇಲಿಟ್ಟು, ಏನೂ ಆಗದವಳ ಹಾಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಓದಿ ಹೇಳಿ ಮಾವ. ನನಗೆ ತೋಚ್ತಿಲ್ಲ."

ಐದೈದು ನಿಮಿಷಕ್ಕೊಮ್ಮೆ ಮುಳ್ಳು ಎಲ್ಲಿತ್ತು ಎಂದು ಬರೆದಿದ್ದಳು. ಅವರು ಬೆರಳು ಓಡಿಸಿದರು. ಐದು, ಹತ್ತು, ಹದಿನೈದು, ಇಪ್ಪತ್ತು. "ಒಂದೇ ಸಮ ಏರಿದೆ. ಬರೀ ತೇವ ಆಗಿದ್ರೆ ಬರ್ತಾ ಬರ್ತಾ ಮುಳ್ಳು ಸುಸ್ತಾಗ್ತಿತ್ತು. ಇದು ತೂತೇ."

"ನಾನೂ ಹಾಗೇ ಅಂದ್ಕೊಂಡೆ. ಹೊರಗಡೆ ಪ್ರತಿ ಜೋಡಣೆಗೂ ಸ್ಪಿರಿಟ್ ಹನಿಸಿ ನೋಡಿದ್ವಿ. ತೂತಿದ್ರೆ ಸ್ಪಿರಿಟ್ ಒಳಗೆ ಹೋಗಿ ಮುಳ್ಳು ಎಗರ್ಬೇಕಲ್ಲ? ಹದಿನೇಳಕ್ಕೂ ನೋಡಿದ್ವಿ. ಎಗರ್ಲಿಲ್ಲ."

"ಹದಿನೇಳಾ?"

"ಹದಿನೇಳು. ನಕ್ಷೆಯಲ್ಲಿರೋದು ಅಷ್ಟೇ."

ಮೇಸ್ತ್ರಿಗಳ ಬೆರಳು ಪುಸ್ತಕದ ಮೇಲೆ ನಿಂತಿತು. ನಕ್ಷೆಯಲ್ಲಿರುವುದು ಅಷ್ಟೇ. ಕುಲುಮೆಯಲ್ಲಿರುವುದು ಹದಿನೆಂಟು. ಹನ್ನೆರಡು ವರ್ಷದ ಹಿಂದೆ, ಶಾಖ ಅಳೆಯುವ ತಂತಿ ಒಳಗೆ ಹೋಗಲೆಂದು ನಕ್ಷೆಯಾದ ಮೇಲೆ ಕೊರೆದಿದ್ದ ಒಂದು ಕಿಂಡಿ ಒಡೆದಿತ್ತು. ಅವರು ಒಬ್ಬರೇ ಎರಡು ಗಂಟೆಯಲ್ಲಿ ಒಳಗಿನಿಂದ ರಬ್ಬರ್ ಇಟ್ಟು, ತಟ್ಟೆ ಬಿಗಿದು, ಹೊರಗೆ ನೀರಿನ ಪೈಪಿನ ಹಿಂದೆ ಬಣ್ಣ ಬಳಿದುಬಿಟ್ಟಿದ್ದರು. ಕೆಲಸ ನಿಲ್ಲಲಿಲ್ಲ. ಆಗಿನ ಮ್ಯಾನೇಜರ್ ಅವರನ್ನು ಅಪ್ಪಿಕೊಂಡಿದ್ದರು. ಎಲ್ಲಿ, ಹೇಗೆ ಎಂದು ಯಾರೋ ಕೇಳಿದ್ದಕ್ಕೆ, "ಅದೆಲ್ಲ ನನ್ನ ತಲೇಲಿದೆ" ಎಂದಿದ್ದರು. ತಲೆ ಮನೆಗೆ ಹೋಗಿ ಮೂರು ವರ್ಷವಾಗಿತ್ತು. ರಬ್ಬರಿಗೆ ಹನ್ನೆರಡು ವರ್ಷ. ಈಗ ಒರೆಸುವಾಗ ಯಾರದೋ ಕೈ ತಾಗಿದ್ದರೂ ಸಾಕು.

ಒಂದು ಯೋಚನೆ ಬಂತು, ಸುಳ್ಳೇಕೆ. ಗಾಳಿ ಸರಿಯಾದ ಮೇಲೆ ಇಳಿದು, ಕಣ್ಣು ಮುಚ್ಚಿ ಉಸಿರೆಳೆದು, "ಬಲಗಡೆ, ಭುಜದೆತ್ತರ" ಅಂದುಬಿಟ್ಟರೆ? ಶೆಡ್ಡೆಲ್ಲ ಚಪ್ಪಾಳೆ ತಟ್ಟುತ್ತದೆ. ಈಗಷ್ಟೇ ಆದ ಅವಮಾನ ತೊಳೆದುಹೋಗುತ್ತದೆ. ಪಕ್ಕದಲ್ಲಿ ಕೂತ ಸೊಸೆಯ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಗ್ರೀಸು. ಬೆರಳ ತುದಿಯಲ್ಲಿ ಪೆನ್ನಿನ ಮಸಿ. ತನ್ನನ್ನು ಎಳೆದು ಹಾಕಿದ್ದು ಈ ಕೈ.

"ಹದಿನೆಂಟನೇದು ಒಂದಿದೆ ಕಣಮ್ಮ," ಎಂದರು, ಎಲ್ಲರಿಗೂ ಕೇಳುವಂತೆ. ಹೇಳಿದರು, ಒಂದೂ ಬಿಡದೆ.

"ನೋಡಿದ್ರಾ! ಕೂತಲ್ಲೇ ಹಿಡೀತು ಮೂಗು!" ಎಂದರು ಮ್ಯಾನೇಜರ್.

"ಮೂಗಲ್ಲ ಸ್ವಾಮಿ. ಹಿಡಿದಿದ್ದು ಅವಳ ಪುಸ್ತಕ. ತೂತು ಬಚ್ಚಿಟ್ಟು ಹೋದವನು ನಾನು."

ಸೊಸೆ ಪೆನ್ನು ತೆಗೆದು 'ಹದಿನೆಂಟು' ಎಂದು ಬರೆದು, ಎಷ್ಟೆತ್ತರ, ಎಷ್ಟು ಅಗಲ, ಯಾವ ದಪ್ಪದ ರಬ್ಬರ್ ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡಳು.

ಮೀಟರ್ ಇಪ್ಪತ್ತೊಂದಕ್ಕೆ ಹತ್ತಿರ ಬಂದು ಸುಮ್ಮನಾಯಿತು. ತಳ, ನಡು, ಮೇಲೆ, ಮೂರು ಕಡೆಯೂ ನೋಡಿದಳು. ಆಮೇಲೆ ಗೋಡೆಯ ಬೋರ್ಡಿನಿಂದ ತನ್ನ ಕೆಂಪು ಬೀಗ ತಂದಳು. ಕುಲುಮೆಯ ಕರೆಂಟು, ಗ್ಯಾಸು ಎರಡನ್ನೂ ಬಂದ್ ಮಾಡಿದ ಜಾಗದಲ್ಲಿ ಒಂದು ಕಬ್ಬಿಣದ ಪಟ್ಟಿ. ಒಳಗಿಳಿಯುವವರು ತಲಾ ಒಂದು ಬೀಗವನ್ನು ಅಲ್ಲಿ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಅವರೇ ಹೊರಗೆ ಬಂದು ತೆಗೆಯುವ ತನಕ ಮ್ಯಾನೇಜರ್ ಬಂದರೂ ಏನೂ ಚಾಲೂ ಮಾಡುವ ಹಾಗಿಲ್ಲ.

"ನಂಗೊಂದು ಬೀಗ ಕೊಡಮ್ಮ," ಎಂದರು ಮೇಸ್ತ್ರಿಗಳು.

ಗುರುತಿಲ್ಲದ ಹೊಸ ಬೀಗವೊಂದನ್ನು ಕೊಟ್ಟಳು. ಪಟ್ಟಿಗೆ ಹಾಕಿ, ಎಳೆದು ನೋಡಿ, ಕೀಲಿಯನ್ನು ಬಿಳಿ ಅಂಗಿಯ ಜೇಬಿಗಿಳಿಸಿದರು. ಪಂಪಣ್ಣ ಮೇಲೆ ಕಾವಲು ನಿಂತ. ಕೆಳಗೆ ತಟ್ಟೆ ಬಿಚ್ಚಿದಾಗ ಹಳೆಯ ರಬ್ಬರು ರಸ್ಕಿನ ಹಾಗೆ ಪುಡಿಯಾಗಿ ಉದುರಿತು. ಹೊಸದನ್ನು ಕೂರಿಸಿದ್ದು ಸೊಸೆ. ಟಾರ್ಚು ಹಿಡಿದದ್ದು ಮಾವ. "ಇನ್ನೊಂಚೂರು ಎಡಕ್ಕೆ ಹಿಡೀರಿ" ಎಂದಳು, ಹಿಡಿದರು.

ಇಬ್ಬರೂ ಹತ್ತಿ ಬಂದು ತಮ್ಮ ತಮ್ಮ ಬೀಗ ತೆಗೆದ ಮೇಲೆ, ಹನ್ನೊಂದಕ್ಕೆ ಮುಚ್ಚಳ ಕೂತಿತು. ಮೂರು ಗಂಟೆಯ ತನಕ ಪಂಪುಗಳು ಹೀರಿದವು. ಕವಾಟ ಮುಚ್ಚಿ, ಎಲ್ಲರೂ ಮುಳ್ಳಿನ ಮುಂದೆ ಕೂತರು. ಐದು ನಿಮಿಷ. ಹತ್ತು. ಇನ್‌ಸ್ಪೆಕ್ಟರ್ ಬೇಗನೆ ಬಂದು ಅವರ ಹಿಂದೆಯೇ ನಿಂತಿದ್ದು ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ಗಂಟೆಗೆ ಮುಳ್ಳು ಮೂರು ಮೈಕ್ರಾನ್ ಏರಿತ್ತು. ಬರೀ ಮೂರು.

ಇನ್‌ಸ್ಪೆಕ್ಟರ್ ಪುಸ್ತಕ ತಿರುವಿ, "ಈ ಹದಿನೆಂಟು ನಕ್ಷೆಯಲ್ಲಿಲ್ವಲ್ಲ?" ಎಂದರು.

"ಈವತ್ತಿಂದ ಇದೆ ಸರ್. ನಮ್ಮ ಮೇಸ್ತ್ರಿಗಳು ಬರೆಸಿದ್ರು," ಎಂದಳು ಸೊಸೆ.

ಇನ್‌ಸ್ಪೆಕ್ಟರ್ ಸಹಿ ಹಾಕುವಾಗ ಪಂಪಣ್ಣ ಒಂದು ಕಡ್ಡಿಯನ್ನು ಬಿಳಿ ಬಣ್ಣದಲ್ಲಿ ಅದ್ದಿ, ಮೇಸ್ತ್ರಿಗಳ ಬೀಗದ ಮೇಲೆ ಉದ್ದನೆಯ ಒಂದು ಮೂಗು ಬರೆದು, ಬೋರ್ಡಿನಲ್ಲಿ ಸೊಸೆಯ ಬೀಗದ ಪಕ್ಕಕ್ಕೆ ತೂಗುಹಾಕಿದ.

ಮೇಸ್ತ್ರಿಗಳು ಸೊಸೆಗಿಂತ ಮುಂಚೆ ಮನೆಗೆ ಬಂದರು. ಬಿಳಿ ಅಂಗಿಯೆಲ್ಲ ಮಸಿ.

"ಏನಾಯ್ತು? ಮೂಗು ಗೆದ್ದಿತಾ?" ಎಂದರು ಹೆಂಡತಿ.

"ಎಲ್ಲಿಯ ಮೂಗು! ಎಲ್ಲರ ಮುಂದೆ ಬೈಸ್ಕೊಂಡು ಬಂದೆ," ಎಂದರು ಮೇಸ್ತ್ರಿಗಳು, ಎದೆ ಒಂದು ಗೇಣು ಮುಂದಿಟ್ಟುಕೊಂಡು.

"ಅಯ್ಯೋ, ಯಾರು ಬೈದದ್ದು?"

"ಯಾರು ಅಂತೀಯಲ್ಲ! ನಮ್ಮ ಸೊಸೆ! ಏನು ಗಂಟಲು, ಏನು ಗತ್ತು. ಮ್ಯಾನೇಜರ್ರೇ ಎರಡು ಹೆಜ್ಜೆ ಹಿಂದೆ ಹೋದ್ರು ಗೊತ್ತಾ?" ಅಂಗಳಕ್ಕೆ ಇಳಿದು, ಪಕ್ಕದ ಮನೆಯವರನ್ನೂ ಕರೆದು, ಎಲ್ಲಿ ಏಣಿ, ಎಲ್ಲಿ ತಾನು, ಅವಳು ಎಲ್ಲಿಂದ ಓಡಿ ಬಂದಳು ಎಂದು ನಿಂತು ತೋರಿಸಿದರು. ಒಂದು ಸಲ ಕೂಗಿ ತೋರಿಸಿದರು. ಸಾಲದೆಂದು ಇನ್ನೊಂದು ಸಲ.

ಸೊಸೆ ಊಟದ ಡಬ್ಬಿ ಹಿಡಿದು ಬೀದಿಯ ತಿರುವಿಗೆ ಬರುವ ಹೊತ್ತಿಗೆ ಮೂರನೇ ಸಲ ನಡೆದಿತ್ತು. "ಮಾವ! ಕಾಲು ತೆಗೀರಿ! ಹೊರಗೆ!" ಎಂದು ಮಾವನೇ ಗಂಟಲು ಹರಿಯುವಂತೆ ಕೂಗುತ್ತಿದ್ದುದು ಇಡೀ ಬೀದಿಗೆ ಕೇಳಿಸುತ್ತಿತ್ತು.