ಹಸಿರು ಪರದೆ

ಬೆಳಿಗ್ಗೆ ಹತ್ತೂವರೆಗೆ ನೋಡಿದರೆ ಪರೀಕ್ಷೆಯ ಮಂಚದ ಸುತ್ತ ಇರುತ್ತಿದ್ದ ಹಸಿರು ಪರದೆ ಇರಲಿಲ್ಲ. ಬರಿಯ ಕಂಬಿ, ಕೊಕ್ಕೆಗಳು.

"ಪರದೆ ಎಲ್ಲಿ?" ಡಾಕ್ಟರ್ ಕೇಳಿದ.

"ಕೆಳಗೆ ಫಂಕ್ಷನ್‌ಗೆ ತಗೊಂಡುಹೋದ್ರು ಸಾರ್. ಸೂಪರಿಂಟೆಂಡೆಂಟ್ ಹೇಳಿದ್ದಾರಂತೆ," ಎಂದಳು ನರ್ಸ್. "ನಾನೇನು ಕಂಬಿಗೆ ಜೋತುಬೀಳ್ಲಾ?"

ಅವನು ನಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥದ್ದಕ್ಕೆಲ್ಲ ಸಿಟ್ಟು ಬರುವುದು ಎಂದೋ ನಿಂತಿತ್ತು. ಸಿಟ್ಟು ಬರಬೇಕಿತ್ತಲ್ಲ ಎಂಬ ನೆನಪು ಮಾತ್ರ ಬರುತ್ತಿತ್ತು.

ಸ್ಟೂಲಿನ ಮೇಲೆ ಕೂತ ಹೆಂಗಸಿಗೆ ಎದೆಯಲ್ಲಿ ಗಂಟು. ಹಾಗೆಂದದ್ದು ಜೊತೆಗೆ ಬಂದ ನಾದಿನಿ. ಹೆಂಗಸು ರವಿಕೆಯ ಮೇಲಿನ ಗುಂಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಹೊರಗಿನ ಸಾಲು ಬಾಗಿಲು ತಳ್ಳಿಕೊಂಡು ಕೋಣೆಯೊಳಗೇ ಬಂದಿತ್ತು, ಹೆಚ್ಚಿನವರು ಗಂಡಸರು.

"ಗುಂಡಿ ಬಿಚ್ಚಿ ಮಲಗಿ."

"ಇಲ್ಲೇನಾ?"

"ಮತ್ತೆಲ್ಲಿ?"

"ಇವ್ರೆಲ್ಲ ನಿಂತಿದ್ದಾರಲ್ಲ ಸಾರ್."

"ಯಾರೂ ನೋಡಲ್ಲಮ್ಮ. ಸ್ವಲ್ಪ ಸಹಕರಿಸಬೇಕು."

ಯಾರೂ ನೋಡುವುದಿಲ್ಲ ಎಂದದ್ದೇ ತಡ, ಎಲ್ಲರೂ ನೋಡಿದರು.

ಎಲ್ಲರೂ ಹೊರಗೆ ನಡೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೂಪರಿಂಟೆಂಡೆಂಟ್. "ಎಲ್ಲಿದ್ದೀರ್ರೀ? ಅತಿಥಿಗಳು ಬಂದಾಯ್ತು. ಉದ್ಘಾಟನೆ ಆದ್ಮೇಲೆ ಹೊಸ ಬೋರ್ಡ್ ಓದೋರು ನೀವು. ಇರೋದ್ರಲ್ಲಿ ಒಳ್ಳೇ ಕಂಠ ನಿಮ್ದೇ."

"ಕೂತಿರಿ, ಬಂದೆ," ಎಂದ ಹೆಂಗಸಿಗೆ.

"ಬೇಡ ಸಾರ್. ಇನ್ನೊಂದಿನ ಬರ್ತೀನಿ."

"ಇದು ಮುಂದೆ ಹಾಕೋ ವಿಷಯ ಅಲ್ಲಮ್ಮ."

"ಅತ್ತಿಗೆ, ಹಟ ಮಾಡ್ಬೇಡಿ," ಎಂದಳು ನಾದಿನಿ. "ಅಣ್ಣಂಗೆ ಏನಂತ ಹೇಳ್ಲಿ?"

"ವಾಯು ಅಂದ್ರು ಅಂತ ಹೇಳು."

ಅವನು ಮೆಟ್ಟಿಲಿಳಿದ.

ಕೆಳಗೆ ಗೋಡೆಯ ಮೇಲಿನ ಹೊಸ ಬೋರ್ಡಿಗೆ ಅವನ ಪರದೆ ಹೊದಿಸಿದ್ದರು. ಅಂಚಿನಲ್ಲಿ ಅಯೋಡಿನ್ ಕಲೆ, ಗುರುತು ಸಿಕ್ಕಿತು. ಅತಿಥಿ ದಾರ ಎಳೆದರು. ಸಿಕ್ಕಿಕೊಂಡಿತು. ಮತ್ತೆ ಎಳೆದರು. ಪರದೆ ಕಳಚಿ ಬಿತ್ತು. ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ.

ಮೈಕು ಕೈಗೆ ಬಂತು. "ರೋಗಿಗಳ ಹಕ್ಕುಗಳು," ಎಂದು ಓದತೊಡಗಿದ. "ಪರೀಕ್ಷೆಯ ವೇಳೆ ರೋಗಿಯ ಖಾಸಗಿತನ ಹಾಗೂ ಮರ್ಯಾದೆಯನ್ನು ಕಾಪಾಡತಕ್ಕದ್ದು."

ಜನರ ಹಿಂದಿನಿಂದ ಆ ಹೆಂಗಸು ಗೇಟಿನ ಕಡೆ ಹೋಗುತ್ತಿದ್ದಳು. ನಾದಿನಿ ಏನೋ ಹೇಳುತ್ತ ಹಿಂದೆಯೇ ಓಡುತ್ತಿದ್ದಳು. ಮೈಕು ಅವನ ಕೈಯಲ್ಲೇ ಇತ್ತು. ಕರೆದಿದ್ದರೆ ರಸ್ತೆಯವರೆಗೂ ಕೇಳುತ್ತಿತ್ತು.

"ರೋಗಿಗಳ ಹೊಣೆಗಳು," ಎಂದು ಓದಿದ. "ಸಿಬ್ಬಂದಿಯೊಂದಿಗೆ ಸಹಕರಿಸತಕ್ಕದ್ದು."

ದನಿ ಎಲ್ಲೂ ತಡವರಿಸಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

"ರೇಡಿಯೋ ಕೇಳಿದ ಹಾಗಿತ್ತು," ಎಂದು ಸೂಪರಿಂಟೆಂಡೆಂಟ್ ಬೆನ್ನು ತಟ್ಟಿದರು.

ಮೇಲೆ ಬಂದಾಗ ನರ್ಸ್ ಪರದೆ ಸಿಕ್ಕಿಸಿ ಮುಗಿಸಿದ್ದಳು. "ಬಂತು ನೋಡಿ ಸಾರ್, ಸನ್ಮಾನ ಮುಗಿಸ್ಕೊಂಡು."

"ಆ ಹೆಂಗಸಿನ ವಿಳಾಸ?"

"ಚೀಟಿ ಅವ್ರೇ ತಗೊಂಡು ಹೋದ್ರಲ್ಲ."

ಅವಳು ಔಷಧಿ ತರಲು ಹೋದಳು. ಅವನು ಪರದೆ ಸರಿಸಿ ಒಳಗೆ ಹೋದ. ಖಾಲಿ ಮಂಚದ ಸುತ್ತ ಅದನ್ನು ಪೂರ್ತಿ ಎಳೆದುಕೊಂಡು ನಿಂತ. ಕೊಕ್ಕೆಗಳು ಕಿರ್ರೆಂದವು.

"ಡಾಕ್ಟ್ರು ಇಲ್ವಾ?" ಹೊರಗೆ ಯಾರೋ ಕೇಳಿದರು.

"ಈಗ ಬಂದ್ರಲ್ಲ."

ಅವನು ಬಗ್ಗಿ ನೋಡಿಕೊಂಡ. ಪರದೆ ನೆಲ ಮುಟ್ಟುತ್ತಿರಲಿಲ್ಲ. ಕೆಳಗಿನ ಸಂದಿಯಲ್ಲಿ ಅವನ ಬೂಟುಗಳು ಹೊರಗಿನವರಿಗೆಲ್ಲ ಕಾಣುವಂತಿದ್ದವು.

ಯಾರೂ ಕರೆಯಲಿಲ್ಲ. ಸಾಲು ಕಾಯುತ್ತ ನಿಂತಿತು.