ಗಾಳಿಗೂ ಬಿರುಕು

ಎಕ್ಸ್‌ರೇ ತೆಗೆಯುವವನಿಗೆ ಆಸ್ಪತ್ರೆಯಲ್ಲೆಲ್ಲ ‘ಗಿಳಿ’ ಎಂದೇ ಹೆಸರು. ಲಿಫ್ಟಿನ ನರಳಾಟದಿಂದ ಹಿಡಿದು ದೊಡ್ಡಾಸ್ಪತ್ರೆಯ ಡಾಕ್ಟರ ಗೊಗ್ಗರು ದನಿಯವರೆಗೆ ಅವನು ಯಾರ ಗಂಟಲನ್ನೂ ಅನುಕರಿಸದೆ ಬಿಟ್ಟವನಲ್ಲ. ಆ ಡಾಕ್ಟರು ದೂರದಲ್ಲಿ ಕೂತು, ಇವನು ಕಳಿಸಿದ ಚಿತ್ರ ನೋಡಿ ಫೋನಿನಲ್ಲಿ ತೀರ್ಪು ಕೊಡುತ್ತಿದ್ದರು. ಇಂಟರ್ನೆಟ್ಟು ತೆವಳುತ್ತಿದ್ದುದರಿಂದ ಚಿತ್ರವನ್ನು ಒತ್ತಿ, ಅಂದರೆ ಫೈಲಿನ ಗಾತ್ರ ಕುಗ್ಗಿಸಿ, ಹಗುರ ಮಾಡಿಯೇ ಕಳಿಸಬೇಕು.

ಅಂದು ಬಂದವಳು ಅವನ ಸೋದರತ್ತೆ. ಟೈಲರ್. ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಊದಿತ್ತು. ಮುಂದಿನ ತಿಂಗಳು ಮಗಳ ಮದುವೆ. ಉಡುಪನ್ನು ತಾನೇ ಹೊಲಿಯಬೇಕೆಂದು ಬಟ್ಟೆ ತಂದಿಟ್ಟಿದ್ದಳು.

“ಮೂಳೆ ಬಿರುಕು ಬಿಟ್ಟಿದೆ. ಆರು ವಾರ ಪ್ಲಾಸ್ಟರ್,” ಎಂದು ಡಾಕ್ಟರು ಫೋನಿಟ್ಟರು.

ಅತ್ತೆಯ ಮುಖ ಇಸ್ತ್ರಿ ಕಾಣದ ಬಟ್ಟೆಯಂತಾಯಿತು. “ಹೋಯ್ತು ಬಿಡು! ಇನ್ನು ಎದುರಂಗಡಿಯವಳೇ ಹೊಲೀಬೇಕು. ಅವಳು ತೋಳಿಟ್ರೆ ಕೈ ಎಲ್ಲಿ ತೂರಿಸ್ಬೇಕು ಅಂತ ಹುಡುಕ್ಬೇಕು.”

ಅವಳನ್ನು ನಗಿಸಲೆಂದು ಗಿಳಿ ಡಾಕ್ಟರ ದನಿ ತೆಗೆದ. “ಹ್ಞೂಂ, ಬಿರುಕು, ಬಿರುಕು...” ಎನ್ನುತ್ತ ಪರದೆಯ ಮೇಲಿನ ಗೆರೆಯುದ್ದಕ್ಕೂ ಬೆರಳಾಡಿಸಿದ. ಗೆರೆ ಮೂಳೆಯಲ್ಲಿ ನಿಲ್ಲಲಿಲ್ಲ. ಮಾಂಸ ದಾಟಿತು, ಚರ್ಮ ದಾಟಿತು, ಆಚೆಯ ಕಪ್ಪಿನಲ್ಲೂ ನೆಟ್ಟಗೆ ನಡೆಯಿತು.

“ಅದೇನೋ, ಗಾಳಿಗೂ ಪ್ಲಾಸ್ಟರ್ ಹಾಕ್ಬೇಕಾ?” ಎಂದಳು ಅತ್ತೆ.

ಗಿಳಿ ಹಣೆ ಚಚ್ಚಿಕೊಂಡ. ದಿನವೂ ಮೊದಲು ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿ, ಆಮೇಲೆ ಒತ್ತುತ್ತಿದ್ದ. ಇಂದು ಅತ್ತೆಯ ಅಯ್ಯೋ-ಅಮ್ಮಾ ಕೇಳಿ ಗಾಬರಿಯಲ್ಲಿ ಮೊದಲೇ ಒತ್ತಿಬಿಟ್ಟಿದ್ದ. ಅತಿಯಾಗಿ ಒತ್ತಿದ ಚಿತ್ರ ಸಣ್ಣ ಸಣ್ಣ ಚೌಕಗಳಾಗಿತ್ತು. ಆಮೇಲೆ ಕಪ್ಪು-ಬಿಳುಪಿನ ಅಂತರ ಏರಿಸಿದಾಗ ಆ ಚೌಕಗಳ ಅಂಚೇ ಬಿರುಕಾಗಿ ಎದ್ದು ನಿಂತಿತ್ತು.

ಮೂಲ ಚಿತ್ರ ತೆಗೆದು, ಕ್ರಮ ಸರಿಮಾಡಿ, ಮೆಲ್ಲಗೆ ಒತ್ತಿ, ತಪ್ಪಾಯಿತೆಂದು ಬರೆದು ಮತ್ತೆ ಕಳಿಸಿದ. ಅದು ತೆವಳಿ ತಲುಪುವಷ್ಟರಲ್ಲಿ ಇಬ್ಬರ ಟೀ ಮುಗಿದಿತ್ತು, ಬಿಸ್ಕತ್ತು ಉಳಿದಿತ್ತು.

ಗಿಳಿ ಡಾಕ್ಟರಿಗೆ ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದ ಫೋನು ಅತ್ತೆಯ ಬೆನ್ನ ಹಿಂದೆ ಮಾತಾಡಿತು. “ಬಿರುಕಿಲ್ಲಮ್ಮ, ಬರೀ ಉಳುಕು. ಹತ್ತು ದಿನ ಪಟ್ಟಿ ಕಟ್ಕೊಂಡಿರಿ, ಆಮೇಲೆ ಹೊಲೀಬಹುದು.”

ಅತ್ತೆ ಗಿಳಿಯತ್ತ ಗರ್ರನೆ ತಿರುಗಿದಳು. “ಸಾಕು ನಿಲ್ಸೋ ಕೋತಿ! ಸಮಾಧಾನ ಮಾಡೋಕೆ ಆ ಗೊಗ್ಗರನ ದನಿ ತೆಗೀಬೇಡ!”

ಬಾಯಿ ತುಂಬ ಬಿಸ್ಕತ್ತಿದ್ದ ಗಿಳಿ ಫೋನಿನತ್ತ ಬೆರಳು ತೋರಿಸಿದ.

ಫೋನು ಗಂಟಲು ಸರಿಮಾಡಿಕೊಂಡಿತು. “ಓಹೋ, ನನ್ನ ಥರ ಮಾತಾಡ್ತಾನಾ? ಎಲ್ಲಿ, ಸ್ವಲ್ಪ ಕೇಳಿಸ್ಲಿ.”

ಹುಟ್ಟಿದಂದಿನಿಂದ ಮೊದಲ ಸಲ ಗಿಳಿಗೆ ಯಾರ ದನಿಯೂ ಬರಲಿಲ್ಲ.

ಅತ್ತೆ ಎಡಗೈಯಲ್ಲಿ ಫೋನೆತ್ತಿಕೊಂಡಳು. “ಮದುವೆಗೆ ಬನ್ನಿ ಡಾಕ್ಟ್ರೇ, ಅಲ್ಲೇ ಕೇಳಿಸ್ತೀನಿ. ಹಾಗೇ ಹುಡುಗಿ ಉಡುಪೂ ನೋಡಿ. ನನ್ನ ಕೈಯದೇ ಹೊಲಿಗೆ!”