ಯಾರ ನಿಚ್ಚಣಿಕೆ

ಅಂಗಳದ ಬಿಸಿಲು ಇವತ್ತೂ ನೀಲಿಯೇ, ಪಾತ್ರೆ ತಿಕ್ಕುತ್ತ ಕೂತ ಫರಹತಳ ಮೊಣಕೈ ನೀಲಿ, ಕೊಡದ ನೀರು ನೀಲಿ, ಮಣ್ಣಿಗೆ ಬಂದವರ ನೆರಳಿಗೆಂದು ಕಟ್ಟಿದ ಫ್ಲೆಕ್ಸು ಇನ್ನೂ ಬಿಚ್ಚಿಲ್ಲ, ಬಿಚ್ಚುವ ಗಂಡನೇ ಹೋದ ಮೇಲೆ ಬಿಚ್ಚುವವರು ಯಾರು, ಮೇಲೆ ಉಮೇದುವಾರ ತಲೆಕೆಳಗಾಗಿ ಕೈ ಮುಗಿದಿದ್ದಾನೆ, ಓಟು ಮುಗಿದರೂ ಕೈ ಇಳಿಸಿಲ್ಲ — ನೆಂಟರೆಲ್ಲ ನಿನ್ನೆಯೇ ಹೋದರು, ಊರು ತನ್ನ ಕೆಲಸಕ್ಕೆ ಹತ್ತಿದೆ, ನಿಂಬರ್ಗಾ ಊರ ತುಂಬ ಈ ಉಮೇದುವಾರನೇ, ಕಣಿಕೆ ಬಣವೆಯ ಮೇಲೆ ಇವನು, ಆಡಿನ ಕೊಟ್ಟಿಗೆಯ ಮೇಲೆ ಇವನು, ಗಾಳಿ ಬಂದರೆ ಕೆನ್ನೆ ಉಬ್ಬುತ್ತದೆ. ಈ ನೆರಳು ಕಟ್ಟಿಸಿದವನು ಜಗದೇವಪ್ಪ ಸಾವಕಾರ, ಊರಲ್ಲಿ ಪಕ್ಷದ ಕೆಲಸ ನೋಡುವವನು, ಯಾರೂ ಕೇಳಿರಲಿಲ್ಲ, ಯಾಕೆ ಕಟ್ಟಿಸಿದ, ಬಿಸಿಲು ಮುಚ್ಚಲೋ ಬಾಯಿ ಮುಚ್ಚಲೋ, ಅವಳ ಮುಂದೆಯೂ ಕೈ ಮುಗಿದು ನಿಂತು ಅಂದಿದ್ದ, ಮುಕ್ರಮ ನಮಗ ತಮ್ಮ ಇದ್ದಾಂಗ ಇದ್ದನವಾ, ಆದ್ರ ಕಂಬ ಹತ್ತಂತ ಅಂವಗ ಯಾರೂ ಹೇಳಿದ್ದಿಲ್ಲ. ಚಹಾದಂಗಡಿಯಲ್ಲಿ ಬೇರೆ ಮಾತು, ಮನಿ ತಗಡಿಗೆ ಹಾಸಾಕ ಬ್ಯಾನರ್ ಕದಿಯಾಕ ಏರಿದ್ದ, ಕರೆಂಟ್ ತಂತಿ ತಾಗ್ತು, ಯಾರೇನ್ ಮಾಡ್ತಾರ. ಫ್ಲೆಕ್ಸ್ ಕಳ್ಳ. ನಾಳೆ ಶಾಲೆಯಲ್ಲಿ ಮಗಳಿಗೆ ಅದೇ ಹೆಸರು. ಅನುಮಾನ ಸತ್ತವನನ್ನೂ ಬಿಡುವುದಿಲ್ಲ, ತಗಡಿನ ತೂತು ನೋಡುತ್ತ ಅವನೇ ಅಂದಿದ್ದನಲ್ಲ, ಚಿಂತಿ ಮಾಡಬ್ಯಾಡ, ಓಟು ಮುಗೀಲಿ, ಒಬ್ಬ ಲೀಡರನ್ನ ಮ್ಯಾಲ ಮಲಗಸ್ತೇನಿ, ಮಳಿ ಅವನ ಮಾರಿಗೆ ಬೀಳ್ಲಿ, ನಕ್ಕಿದ್ದ, ಬರೀ ನಕ್ಕಿದ್ದ, ಎಂ.ಎ. ಓದಿದ ಅವಳ ತಲೆ ಗಂಡನ ನಗೆಗೂ ಸಾಕ್ಷಿ ಕೇಳುತ್ತದೆ — ಮತ್ತೆ ಗೋಡೆಗೆ ಒರಗಿದ ಆ ನಿಚ್ಚಣಿಕೆ, ಅವನನ್ನು ಹೊತ್ತು ತಂದವರು ಹಿಂದಿನಿಂದ ತಂದಿಟ್ಟದ್ದು, ಈ ಮನೆಯದಲ್ಲ, ಸಾಯುವ ದಿನ ಮುಂಜಾನೆ ಅವನು ಅದನ್ನು ಹೆಗಲ ಮೇಲಿಟ್ಟು ಬಾಗಿಲಲ್ಲಿ ನಿಂತು, ಸಾವಕಾರ ಕೊಟ್ಟಾರ, ಬ್ಯಾನರ್ ಹರೀಲಾರದಂಗ ಬಿಚ್ಚಿ ತಾ ಅಂದಾರ, ಪಂಚಾಯತಿ ಇಲೆಕ್ಷನ್ನಿಗೂ ಅದೇ ಮಾರಿ ನಡೀತದಂತ — ಹಾಗೆ ಅಂದನೋ, ಅವಳೇ ಈಗ ಅನ್ನಿಸುತ್ತಿದ್ದಾಳೋ. ಕಳ್ಳನಿಗೆ ಯಾರಾದರೂ ನಿಚ್ಚಣಿಕೆ ಕೊಡುತ್ತಾರೆಯೇ.

ಅಮ್ಮಿ, ನಿಚ್ಚಣಕಿ ಆ ತುದಿ ಹಿಡೀರಿ, ಫರಹತ ಅಂದಳು. ಅತ್ತೆ ಅಮೀರುನ್ನಿಸಾಳ ಬೆರಳು ಜಪಮಣಿಯ ಮೇಲೆ ನಿಂತಿತು, ಇದ್ದತ್‌ನಾಗ ಹೊಸ್ತಿಲ ದಾಟ್ತೀಯೇನ ಬೇಟಾ, ಗಂಡ ಸತ್ತಾಕಿ ನಾಕು ತಿಂಗಳ ಹತ್ತು ದಿನ ಮನಿ ಬಿಡಬಾರದು, ಮಂದಿ ಏನಂತಾರ. ಅನ್ನೂದೆಲ್ಲ ಅಂದು ಮುಗಿಸ್ಯಾರಲ್ಲ ಅಮ್ಮಿ, ನಿಮ್ಮ ಮಗ ಸಾವಕಾರರ ಕಡಿಂದ ತಂದದ್ದು, ಮುಟ್ಟಿಸಬೇಕಲ್ಲ. ಮುದುಕಿ ಮಣಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು, ಹಿಂದಿನ ತುದಿ ಎತ್ತಿದಳು, ಓಣಿ, ಬಿಸಿಲು ಈಗ ಬಿಳಿ, ಚಹಾದಂಗಡಿಯವರು ಕತ್ತು ಚಾಚಿದರು, ಎದುರಿನ ಕಟ್ಟೆಯಿಂದ ಜಗದೇವಪ್ಪ ಎದ್ದ, ಏಳುತ್ತಲೇ ಕೈ ಮುಗಿದ. ನಿಮ್ಮ ನಿಚ್ಚಣಕಿ ತಗೋರಿ ಸಾವಕಾರ. ನಮ್ಮದಲ್ಲ ಬಿಡವಾ ಇದು, ನಾ ಯಾಕ ಕೊಡ್ಲಿ. ಮುಗಿದ ಕೈ ಬಿಚ್ಚಿದರೆ ನಿಚ್ಚಣಿಕೆ ಹಿಡಿಯಬೇಕಾಗುತ್ತದೆ, ಅದಕ್ಕೇ ಬಿಚ್ಚುತ್ತಿಲ್ಲ, ಫರಹತ ಆ ಕೈಗಳನ್ನೇ ನೋಡುತ್ತ ನಿಂತಳು, ಅಷ್ಟರಲ್ಲಿ ಒಳಗಿಂದ ಅವನ ಹೆಂಡತಿ ಗುರುಬಾಯಿ, ಬಂತೇನ್ರಿ ನಮ್ಮ ನಿಚ್ಚಣಕಿ, ಯಾರಿಗಿ ಕೊಟ್ಟೀರಿ ಅಂತ ಕೇಳಿ ಕೇಳಿ ಸಾಕಾತು, ಮಾಳಗಿ ಮ್ಯಾಲಿನ ಸಂಡಿಗಿ ಒಣಗಿ ಕಲ್ಲಾದ್ವು — ಚಹಾದಂಗಡಿಯ ಮಂದಿ ಅವನ ಕಡೆ ತಿರುಗಿದರು, ನಿಚ್ಚಣಿಕೆ ಅವನ ಗೋಡೆಗೆ ಒರಗಿತು, ಮುದುಕಿ ಕೈ ಬಿಟ್ಟಳು, ಫರಹತ ಬಿಟ್ಟಳು, ಅವನ ಕೈಗಳು ಮಾತ್ರ ಎದೆಯ ಹತ್ತಿರ, ಇಳಿಸಲೂ ಬರದೆ, ಬಿಚ್ಚಲೂ ಬರದೆ, ಮುಗಿದ ಕೈಗಳು, ಮುಗಿದ ಕೈಗಳು